ನೋವಿಗೊಂದು ಹಾಜರಿ ಪುಸ್ತಕ

2016ರ ನವೆಂಬರ್‌ನಲ್ಲಿ, ತೋಟದಲ್ಲಿ ಅರೇಬಿಕಾ ಹಣ್ಣು ಕೀಳುವ ಕೆಲಸ ಆರಂಭವಾದ ವಾರ, ಬೆಳಿಗ್ಗೆ ಅಕ್ಕಿರೊಟ್ಟಿಯ ಹಿಟ್ಟು ನಾದಲು ಹೋದಾಗ ನನ್ನ ಎರಡೂ ಕೈಗಳ ಬೆರಳುಗಳು ಮಡಚಲಿಲ್ಲ. ಸೋಮವಾರಪೇಟೆಯ ಕಡೆಯ ಚಳಿಗೆ ಹೀಗಾಗಿರಬೇಕೆಂದುಕೊಂಡು ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಕೈ ಅದ್ದಿ ಕುಳಿತೆ. ಒಂದು ಗಂಟೆ ಕಳೆದ ಮೇಲೆ ಬೆರಳುಗಳು ಸಡಿಲಗೊಂಡವು, ರೊಟ್ಟಿಯೂ ಆಯಿತು, ಶಾಲೆಗೂ ಹೋದೆ. ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ, ಈಗಲೂ ಕಲಿಸುತ್ತಿದ್ದೇನೆ. ನಾಲ್ಕೈದು ದಿನಗಳಲ್ಲಿ ನೋವು ತಾನಾಗಿ ಇಳಿದುಹೋದದ್ದರಿಂದ ಅದನ್ನು ಮರೆತೆ. ಡಿಸೆಂಬರ್‌ನಲ್ಲಿ ಮತ್ತೆ ಬಂತು, ಮತ್ತೆ ಹೋಯಿತು. ಜನವರಿಯಲ್ಲಿ ಬಂದಾಗ ಮಂಡಿಗಳನ್ನೂ ಜೊತೆಗೆ ಹಿಡಿದುಕೊಂಡು ಬಂತು.

ಆ ಜನವರಿಯಲ್ಲಿ ಒಂದು ಭಾನುವಾರ ಆಳುಗಳು ಕಡಿಮೆಯಿದ್ದುದರಿಂದ ಕಣದಲ್ಲಿ ಕಾಫಿ ಹರವಿ ಕೆದಕುವ ಕೆಲಸಕ್ಕೆ ನಾನೇ ನಿಂತೆ. ಸಂಜೆ ಕನ್ನಡಿ ನೋಡಿಕೊಂಡರೆ ಎರಡು ಕೆನ್ನೆಗಳೂ ಮೂಗಿನ ಏಣೂ ಸುಟ್ಟಂತೆ ಕೆಂಪಾಗಿದ್ದವು. ಬಿಸಿಲಿಗೆ ಕಂದಿದೆ ಎಂದು ಅತ್ತೆ ಸೌತೆಕಾಯಿ ಅರೆದು ಹಚ್ಚಿದರು. ವಾರ ಕಳೆದರೂ ಹೋಗದಿದ್ದಾಗ ಒಬ್ಬ ವೈದ್ಯರು ಅದನ್ನು ಹುಳುಕಡ್ಡಿ ಎಂದು ಮುಲಾಮು ಕೊಟ್ಟರು. ಇನ್ನೊಬ್ಬರು ಚಿಕೂನ್‌ಗುನ್ಯ ಬಂದು ಹೋಗಿರಬೇಕು, ಅದರ ಸಂದು ನೋವು ತಿಂಗಳುಗಟ್ಟಲೆ ಇರುತ್ತದೆ ಎಂದರು. ಇಬ್ಬರ ಮಾತೂ ಅಸಂಬದ್ಧವೇನಲ್ಲ, ನಮ್ಮ ಕಡೆ ಎರಡೂ ಇವೆ. ಕೊನೆಗೆ ಒಬ್ಬ ಚರ್ಮರೋಗ ತಜ್ಞೆ ನನ್ನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಮೂಗಿನ ಪಕ್ಕದಿಂದ ಬಾಯಿಯ ಕೊನೆಗೆ ಇಳಿಯುವ ಮಡಿಕೆಯಲ್ಲಿ ಮಾತ್ರ ಚರ್ಮ ಎಂದಿನಂತೆ ಇರುವುದನ್ನು ಬೆರಳಿಟ್ಟು ತೋರಿಸಿ, ದೇಹದ ಸ್ವಂತ ಕೋಶಗಳ ವಿರುದ್ಧವೇ ಎದ್ದ ಪ್ರತಿಕಾಯಗಳನ್ನು ಹುಡುಕುವ ಎಎನ್‌ಎ ಎಂಬ ರಕ್ತಪರೀಕ್ಷೆ ಬರೆದುಕೊಟ್ಟರು. ಬಿಸಿಲಿನ ಕೆಂಪು ಆ ಮಡಿಕೆಯನ್ನು ಹುಡುಕಿ ಬಿಡುವುದಿಲ್ಲ, ಲೂಪಸ್ ಎಂಬ ಕಾಯಿಲೆಯ ಕೆಂಪು ಬಹುತೇಕ ಬಿಡುತ್ತದೆ ಎಂಬುದನ್ನು ನಾನು ಕಲಿತದ್ದು ಅಂದು.

ಮೈಸೂರಿನ ರುಮಟಾಲಜಿ, ಅಂದರೆ ಸಂದುವಾತದಂಥ ಕಾಯಿಲೆಗಳ, ತಜ್ಞೆಯ ಮುಂದೆ ನಾನು ಮೊದಲ ಬಾರಿ ಕುಳಿತದ್ದು 2017ರ ಏಪ್ರಿಲ್‌ನಲ್ಲಿ, ಬೇಸಿಗೆ ರಜೆ ಆರಂಭವಾದ ಮೇಲೆ. ನಮ್ಮ ಜಿಲ್ಲೆಗೆ ರೈಲಿಲ್ಲ. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಬಸ್ಸಿನಲ್ಲಿ ಹೋಗಿ ಬರುವುದೆಂದರೆ ಒಂದು ಇಡೀ ದಿನ. ಎಎನ್‌ಎ ಜೊತೆಗೆ ಡಿಎನ್‌ಎ ವಿರುದ್ಧದ ಪ್ರತಿಕಾಯಗಳೂ ಹೆಚ್ಚಿದ್ದವು, ಸಿ3 ಮತ್ತು ಸಿ4 ಎಂಬ ರಕ್ತದ ಪೂರಕ ಪ್ರೋಟೀನುಗಳು ಇಳಿದಿದ್ದವು. ನನಗಿರುವುದು ಲೂಪಸ್, ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ ಇದು, ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು, ಅದರಲ್ಲೂ ಮುಟ್ಟು ಆರಂಭವಾದಂದಿನಿಂದ ನಿಲ್ಲುವವರೆಗಿನ ವಯಸ್ಸಿನವರೇ ಹೆಚ್ಚು ಎಂದು ಅವರು ವಿವರಿಸಿದರು. ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ಆರಂಭವಾಯಿತು. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಮೀರಬಾರದೆಂಬ ಲೆಕ್ಕದಲ್ಲಿ, 55 ಕಿಲೋ ತೂಗುತ್ತಿದ್ದ ನನಗೆ ವಾರದಲ್ಲಿ ಐದು ದಿನ 300, ಎರಡು ದಿನ 200 ಎಂದು ಬರೆದುಕೊಟ್ಟರು. ಕಣ್ಣಿನ ರೆಟಿನಾದ ಪರೀಕ್ಷೆಯೊಂದನ್ನು ಆರಂಭದಲ್ಲೇ ಮಾಡಿಸಬೇಕಾಯಿತು, ಏಕೆಂದರೆ ವರ್ಷಾನುಗಟ್ಟಲೆ ತೆಗೆದುಕೊಂಡರೆ ಈ ಮಾತ್ರೆ ರೆಟಿನಾಕ್ಕೆ ಹಾನಿ ಮಾಡಬಲ್ಲದು.

ಮೂರು ತಿಂಗಳಲ್ಲಿ ಮುಖದ ಕೆಂಪು ಇಳಿಯಿತು, ಬೆರಳುಗಳೂ ಬಹುಮಟ್ಟಿಗೆ ಮಾತು ಕೇಳತೊಡಗಿದವು. ಆದರೆ ತಿಂಗಳಿಗೊಮ್ಮೆ, ಮುಟ್ಟಾಗುವುದಕ್ಕೆ ನಾಲ್ಕು ದಿನ ಮುಂಚೆ, ಎಲ್ಲವೂ ಒಟ್ಟಾಗಿ ಮರಳುತ್ತಿತ್ತು. ಮೊದಲು ಅಂಗುಳಿನಲ್ಲಿ ನೋವಿಲ್ಲದ ಹುಣ್ಣು, ಮರುದಿನ ಬೆರಳುಗಳ ಬಿಗಿತ, ಅದರ ಮರುದಿನ ಮೈಯೊಳಗಿಂದ ಯಾರೋ ನೆಣೆ ಎಳೆದಂಥ ಸುಸ್ತು. ಈ ಸುಸ್ತನ್ನು ವಿವರಿಸುವುದು ಕಷ್ಟ. ದುಡಿದ ದಣಿವು ಮಲಗಿದರೆ ಹೋಗುತ್ತದೆ. ಇದು ಮಲಗಿದ್ದಾಗಲೂ ಮೈಮೇಲೆ ಒದ್ದೆ ಕಂಬಳಿ ಹೊದಿಸಿದ ಹಾಗೆ ಇರುತ್ತದೆ. ಮುಟ್ಟಾದ ಎರಡನೆಯ ದಿನಕ್ಕೆ ಇವೆಲ್ಲ ಕರಗುತ್ತಿದ್ದವು. ಇದನ್ನು ಊರಿನ ಒಂದು ಕ್ಲಿನಿಕ್ಕಿನಲ್ಲಿ ಹೇಳಿದಾಗ, ‘ಅದು ಎಲ್ಲಾ ಹೆಂಗಸರಿಗೂ ಆಗೋದೇ ಅಲ್ವೇನಮ್ಮ’ ಎಂಬ ಉತ್ತರ ಬಂತು. ಎಲ್ಲರಿಗೂ ಆಗುವುದು ಯಾವುದು, ನನಗೆ ಮಾತ್ರ ಆಗುವುದು ಯಾವುದು ಎಂದು ಬಿಡಿಸಿ ಹೇಳಲು ನನ್ನ ಬಳಿ ಏನೂ ಇರಲಿಲ್ಲ.

ಮೇಷ್ಟರ ಕಸುಬು ಉಪಯೋಗಕ್ಕೆ ಬಂದದ್ದು ಇಲ್ಲಿ. ಪೇಟೆಯ ಅಂಗಡಿಯಿಂದ ಒಂದು ಹಾಜರಿ ಪುಸ್ತಕ ತಂದೆ. ಮೂವತ್ತೊಂದು ಮನೆಗಳ ಆ ಪುಟದಲ್ಲಿ ಮಕ್ಕಳ ಹೆಸರು ಬರೆಯುವ ಜಾಗದಲ್ಲಿ ಬೆರಳು, ಮಂಡಿ, ಬಾಯಿಹುಣ್ಣು, ಮುಖ, ಸುಸ್ತು, ಜ್ವರ, ನಿದ್ದೆ ಎಂದು ಬರೆದೆ. ಬಂದಿದ್ದರೆ ಒಂದರಿಂದ ಐದರವರೆಗೆ ಅಂಕ, ಬಾರದಿದ್ದರೆ ಗೈರು. ಮುಟ್ಟಿನ ದಿನಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು. ರಾತ್ರಿ ಪಾಠ ಟಿಪ್ಪಣಿ ಬರೆದ ಮೇಲೆ ಎರಡು ನಿಮಿಷದ ಕೆಲಸ. ನನ್ನವರು ಒಮ್ಮೆ ಅದನ್ನು ತೆರೆದು ನೋಡಿ, ‘ನಿಮ್ಮ ಸುಸ್ತಿಗೆ ನೂರಕ್ಕೆ ನೂರು ಹಾಜರಿ ಇದೆಯಲ್ಲ, ಬಹುಮಾನ ಕೊಡಬೇಕು’ ಎಂದು ನಕ್ಕರು. ನಾನೂ ನಕ್ಕೆ. ಆದರೆ ಐದು ತಿಂಗಳ ಪುಟಗಳನ್ನು ಒಂದರ ಪಕ್ಕ ಒಂದಿಟ್ಟಾಗ ಕೆಂಪು ಸುತ್ತುಗಳ ಎಡಕ್ಕೆ ಅಂಕಗಳು ಗುಂಪುಗೂಡಿ ನಿಂತಿರುವುದು ಯಾರಿಗಾದರೂ ಕಾಣುವಂತಿತ್ತು.

ಮೈಸೂರಿನ ಡಾಕ್ಟರ್ ಮೇಡಂ ಆ ಪುಸ್ತಕವನ್ನು ಹತ್ತು ನಿಮಿಷ ನೋಡಿದರು. ಹೊರಗೆ ಇಪ್ಪತ್ತು ಜನ ಕಾದಿದ್ದ ದಿನ ಹತ್ತು ನಿಮಿಷ ಎಂದರೆ ಸಣ್ಣದಲ್ಲ. ಈಸ್ಟ್ರೊಜನ್ ರೋಗನಿರೋಧಕ ಕೋಶಗಳನ್ನು ಕೆರಳಿಸಬಲ್ಲ ಹಾರ್ಮೋನ್, ಅದು ಅಂಡ ಬಿಡುಗಡೆಗೆ ಮುಂಚೆ ಒಮ್ಮೆ ಏರಿ, ಆಮೇಲಿನ ಎರಡು ವಾರಗಳ ನಡುವೆ ಮತ್ತೊಮ್ಮೆ ಏರಿ, ಮುಟ್ಟಿಗೆ ಮುನ್ನ ಪ್ರೊಜೆಸ್ಟಿರಾನ್ ಜೊತೆ ಇಳಿಯುತ್ತದೆ, ಈ ಏರಿಳಿತಕ್ಕೆ ಕೆಲವರ ಲೂಪಸ್ ಸ್ಪಂದಿಸುತ್ತದೆ, ಎಲ್ಲರದೂ ಅಲ್ಲ ಎಂದು ಅವರು ಕಾಗದದ ಮೇಲೆ ಎರಡು ಗುಡ್ಡ ಬರೆದು ತೋರಿಸಿದರು. ನನ್ನ ಜ್ವರದ ಸಾಲನ್ನು ಮಾತ್ರ ಅವರು ಒಪ್ಪಲಿಲ್ಲ. ಬೆಳಿಗ್ಗೆ 97.4 ಇರುತ್ತಿದ್ದ ಥರ್ಮಾಮೀಟರು ತಿಂಗಳ ಎರಡನೆಯ ಅರ್ಧದಲ್ಲಿ 98.1 ತೋರಿಸುವುದನ್ನು ನಾನು ಒಳಜ್ವರ ಎಂದು ಬರೆದಿಟ್ಟಿದ್ದೆ. ಅಂಡ ಬಿಡುಗಡೆಯಾದ ಮೇಲೆ ಎಲ್ಲ ಹೆಂಗಸರ ಮೈಶಾಖವೂ ಸ್ವಲ್ಪ ಏರುತ್ತದೆ, ಅದು ಜ್ವರವಲ್ಲ, 100.4 ದಾಟಿದರೆ ಅದು ಮುಟ್ಟಿನದೂ ಅಲ್ಲ, ಆಗ ಪುಸ್ತಕದಲ್ಲಿ ಬರೆಯುತ್ತಾ ಕೂರದೆ ಫೋನ್ ಮಾಡಿ ಎಂದರು.

ಇನ್ನೊಂದು ವಿಷಯವನ್ನು ಅವರು ಅಂದೇ ಒತ್ತಿ ಹೇಳಿದರು. ಲೂಪಸ್ ಮೂತ್ರಪಿಂಡಕ್ಕೆ ಕೈ ಹಾಕಿದರೆ ಬಹಳ ಸಲ ನೋವೇ ಇರುವುದಿಲ್ಲ, ಮೂತ್ರದಲ್ಲಿ ಪ್ರೋಟೀನ್ ಮತ್ತು ರಕ್ತಕಣಗಳು ಕಾಣುವುದೇ ಮೊದಲ ಸುಳಿವು. ಆದ್ದರಿಂದ ಮೂರು ತಿಂಗಳಿಗೊಮ್ಮೆ ಮೂತ್ರ ಪರೀಕ್ಷೆ ತಪ್ಪಿಸಬಾರದು. ಆದರೆ ಮುಟ್ಟಿನ ದಿನಗಳಲ್ಲಿ ಕೊಟ್ಟ ಮಾದರಿಯಲ್ಲಿ ಆ ರಕ್ತವೇ ಸೇರಿಕೊಂಡು ಫಲಿತಾಂಶ ಕೆಡುತ್ತದೆ, ಹಾಗಾಗಿ ಸ್ರಾವ ಪೂರ್ತಿ ನಿಂತು ಎರಡು ಮೂರು ದಿನ ಕಳೆದ ಮೇಲೆ ಕೊಡಬೇಕು. ಕಾಯಿಲೆ ಕೆರಳುವುದು ಮುಟ್ಟಿನ ಮುಂದೆ, ಅದರ ಸಾಕ್ಷ್ಯ ಕೇಳಬೇಕಾದ ಪರೀಕ್ಷೆ ಮುಟ್ಟು ಮುಗಿದ ಮೇಲೆ. ಈ ವಿಚಿತ್ರವನ್ನು ಆಗ ನಾನು ಅಷ್ಟು ಗಮನಿಸಲಿಲ್ಲ.

ಪುಸ್ತಕ ಕೈಯಲ್ಲಿದ್ದುದರಿಂದ ದಿನಗಳನ್ನು ಮೊದಲೇ ಹೊಂದಿಸಿಕೊಳ್ಳಲು ಸಾಧ್ಯವಾಯಿತು. ಒತ್ತು ಶಾವಿಗೆ, ಕಡುಬು, ರೊಟ್ಟಿ, ಇಂಥ ಕೈಬಲದ ಅಡುಗೆಗಳೆಲ್ಲ ಆ ನಾಲ್ಕು ದಿನಗಳಿಂದ ಹೊರಗೆ ಹೋದವು. ಗಂಜಿ, ಉಪ್ಪಿಟ್ಟು, ಅನ್ನ ಸಾರು ಒಳಗೆ ಬಂದವು. ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವುದು ಮುಂಚಿನ ವಾರಕ್ಕೆ. ಕಣದ ಕೆಲಸ ಶಾಶ್ವತವಾಗಿ ನಿಂತಿತು. ಮಳೆಗಾಲದಲ್ಲಿ ನಮ್ಮಲ್ಲಿ ಬಿಸಿಲೇ ಕಾಣುವುದಿಲ್ಲವಲ್ಲ, ಮುಖಕ್ಕೆ ಸನ್‌ಸ್ಕ್ರೀನ್ ಯಾಕೆ ಎಂದು ಕೇಳಿದ್ದಕ್ಕೆ, ಮೋಡದ ಮೂಲಕವೂ ಅತಿನೇರಳೆ ಕಿರಣ ಇಳಿಯುತ್ತದೆ ಎಂದು ಮೇಡಂ ಹೇಳಿದ ಮೇಲೆ, ಜುಲೈನ ಜಡಿಮಳೆಯಲ್ಲೂ ಗಂಬೂಟು ಹಾಕಿ ಕೊಡೆ ಹಿಡಿದು ಮುಖಕ್ಕೆ ಬಿಳಿ ಬಳಿದುಕೊಂಡು ಶಾಲೆಗೆ ಹೋಗುವ ಮೇಡಂ ಎಂದು ಮಕ್ಕಳ ಬಾಯಿಗೆ ಬಿದ್ದೆ. ಚಳಿಯದು ಬೇರೆ ಕಾಟ. ಡಿಸೆಂಬರ್‌ನ ಬೆಳಗಿನಲ್ಲಿ ತಣ್ಣೀರು ಮುಟ್ಟಿದರೆ ಬೆರಳ ತುದಿಗಳು ಬೆಳ್ಳಗಾಗಿ, ನೀಲಿಗಟ್ಟಿ, ಬಿಸಿಯಾದಾಗ ಕೆಂಪಗೆ ಉರಿಯುತ್ತವೆ. ಇದಕ್ಕೆ ರೇನಾಡ್ ಎಂದು ಹೆಸರು, ಲೂಪಸ್ ಇರುವ ಹಲವರಿಗೆ ಇದೆ. ಇದು ಮಾತ್ರ ಮುಟ್ಟಿನ ಲೆಕ್ಕಕ್ಕೆ ಸಿಗದೆ ಚಳಿಯ ಲೆಕ್ಕದಲ್ಲೇ ನಡೆಯಿತು.

ಮನೆಯಲ್ಲಿ ಹಿಂದಿನಿಂದ ಇದ್ದ ಪದ್ಧತಿಯಂತೆ ಮುಟ್ಟಾದ ಮೂರು ದಿನ ನಾನು ಅಡುಗೆಮನೆಗೆ ಹೋಗುವಂತಿರಲಿಲ್ಲ. ಈ ಪದ್ಧತಿಯ ಬಗ್ಗೆ ನನಗೆ ಗೌರವವಿಲ್ಲ. ಆದರೂ ಅದು ಕೊಡುತ್ತಿದ್ದ ವಿಶ್ರಾಂತಿ ನಾಲ್ಕು ದಿನ ಮೊದಲೇ ಸಿಕ್ಕಿದ್ದರೆ ಬಾಯಿ ಮುಚ್ಚಿಕೊಂಡು ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಮೈ ಹಿಂಡಿ ಹೋದ ಮೇಲೆ, ನೋವು ಇಳಿಯುವ ಹೊತ್ತಿಗೆ ಸರಿಯಾಗಿ ನನ್ನನ್ನು ಕೂರಿಸುತ್ತಿದ್ದರು. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೊಂದು ದಿನದಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ಶಿಕ್ಷಕಿಯರ ಕೊಠಡಿಯಲ್ಲಿ ನಾವೆಲ್ಲ ಸಂತೋಷಪಟ್ಟೆವು. ನನಗಂತೂ ಅದು ಮುಟ್ಟಿನ ರಜೆ ಎನ್ನುವುದಕ್ಕಿಂತ ಮುಟ್ಟಿನ ಮುಂಚಿನ ರಜೆಯಾಗಿ ಬೇಕಿತ್ತು.

ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. 2019ರಲ್ಲಿ ನನಗೆ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೂಡ ನಡೆಯುತ್ತಿತ್ತು. ಆ ನಾಲ್ಕು ದಿನಗಳಲ್ಲಿ ಇನ್ನೊಂದು ಮಾತ್ರೆ ಹೆಚ್ಚು ನುಂಗಿದರೆ ಬೆರಳುಗಳು ಬೆಣ್ಣೆಯಂತಾಗುವುದನ್ನು ನಾನೇ ಕಂಡುಕೊಂಡೆ, ಯಾರಿಗೂ ಹೇಳದೆ ಐದಾರು ತಿಂಗಳು ಹಾಗೆಯೇ ಮಾಡಿದೆ. ಗುಟ್ಟು ಬಯಲಾದದ್ದು ಮಾತ್ರೆಗಳ ಎಣಿಕೆಯಿಂದ. ‘ಪ್ರತಿ ತಿಂಗಳೂ ಏರಿಸಿದರೆ ಇಳಿಸುವುದು ಯಾವಾಗ? ನಿಮ್ಮ ಮೂಳೆಗೆ, ಸಕ್ಕರೆಗೆ ಲೆಕ್ಕ ಇಡುವವರು ಯಾರು?’ ಎಂದು ಮೇಡಂ ಗಡುಸಾಗಿ ಕೇಳಿದರು. ಮುಟ್ಟನ್ನು ‘ಸರಿಮಾಡಲು’ ಬೇರೊಂದು ಕಡೆ ಬರೆದುಕೊಟ್ಟಿದ್ದ ಗರ್ಭನಿರೋಧಕ ಗುಳಿಗೆಯ ಚೀಟಿಯನ್ನೂ ಅಂದೇ ಅವರ ಮುಂದಿಟ್ಟೆ. ಸದ್ಯ, ಅದನ್ನು ಇನ್ನೂ ಆರಂಭಿಸಿರಲಿಲ್ಲ. ನನ್ನ ರಕ್ತದಲ್ಲಿ ಆಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳಿದ್ದವು. ಅವು ಇರುವವರು ಈಸ್ಟ್ರೊಜನ್ ಇರುವ ಗುಳಿಗೆ ತೆಗೆದುಕೊಂಡರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಆ ಪ್ರತಿಕಾಯಗಳಿಲ್ಲದೆ ಕಾಯಿಲೆ ಶಾಂತವಾಗಿರುವ ಹೆಂಗಸರಿಗೆ ಅದೇ ಗುಳಿಗೆ ಕೊಡಬಹುದಂತೆ. ಒಬ್ಬಳಿಗೆ ಒಗ್ಗಿದ ಚೀಟಿಯನ್ನು ಇನ್ನೊಬ್ಬಳು ಅಂಗಡಿಗೆ ಒಯ್ಯಬಾರದು ಎಂದು ನಾನು ಈಗ ಸಿಕ್ಕವರಿಗೆಲ್ಲ ಹೇಳುವುದು ಇದಕ್ಕೇ.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಾದಾಪುರ, ಹಟ್ಟಿಹೊಳೆಯ ಕಡೆಯ ರಸ್ತೆಗಳು ಕೊಚ್ಚಿಹೋದ ವರ್ಷದಿಂದ ಎರಡು ತಿಂಗಳ ಮಾತ್ರೆ ಮುಂಗಡವಾಗಿ ಮನೆಯಲ್ಲಿಡುವುದು ನನಗೆ ಅಭ್ಯಾಸವಾಗಿತ್ತು. ಅದು ಕೈಹಿಡಿದದ್ದು 2020ರಲ್ಲಿ. ಆ ಮಾರ್ಚ್ ಕೊನೆಯಲ್ಲಿ ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಮದ್ದು ಎಂಬ ಮಾತು ಹಬ್ಬಿ, ಕೇಂದ್ರ ಸರ್ಕಾರ ಅದರ ರಫ್ತನ್ನು ನಿಷೇಧಿಸಿ, ಚೀಟಿಯಿಲ್ಲದೆ ಮಾರಬಾರದೆಂದು ಬಿಗಿಮಾಡಿದರೂ, ನಾನು ಕೇಳಿದ ಅಂಗಡಿಗಳಲ್ಲೆಲ್ಲ ಡಬ್ಬ ಬರಿದಾಗಿತ್ತು. ಇದ್ದ ಮಾತ್ರೆಗಳನ್ನು ದಿನ ಬಿಟ್ಟು ದಿನ ನುಂಗಿ ಮೇ ತಿಂಗಳವರೆಗೆ ಎಳೆದೆ. ಈ ಮದ್ದು ಮೈಯಲ್ಲಿ ವಾರಗಟ್ಟಲೆ ಉಳಿಯುವುದರಿಂದ ಕೊರತೆಯೂ ನಿಧಾನವಾಗಿಯೇ ಕಾಣುತ್ತದೆ. ಜೂನ್‌ನ ಪುಟದಲ್ಲಿ ಅಂಕಗಳು ಕೆಂಪು ಸುತ್ತನ್ನು ದಾಟಿ ಬಲಕ್ಕೂ ಹರಡಿಕೊಂಡಿದ್ದವು. ಮಾತ್ರೆ ಮತ್ತೆ ಸಿಕ್ಕಿದ ಮೇಲೆ ಅವು ಹಳೆಯ ಜಾಗಕ್ಕೆ ಮರಳಲು ಮೂರು ತಿಂಗಳು ಬೇಕಾಯಿತು.

ಹೀಗೆ ಐದು ವರ್ಷ ಆ ಪುಸ್ತಕ ನನ್ನನ್ನು ಕಾಪಾಡಿತು. ಆರನೆಯ ವರ್ಷ ಅದೇ ಪುಸ್ತಕವನ್ನು ನಂಬಿ ನಾನು ಮೋಸಹೋದೆ.

ಕೊಡಗಿನಲ್ಲಿ ಆಗಸ್ಟ್ 3 ಎಂದರೆ ಕಕ್ಕಡ ಹದಿನೆಂಟು, ನಮ್ಮ ಬಾಯಲ್ಲಿ ಆಟಿ ಹದಿನೆಂಟು. ಅಂದು ಮದ್ದುಸೊಪ್ಪನ್ನು ಕುದಿಸಿ, ಅದರ ಕಡುನೇರಳೆ ರಸದಲ್ಲಿ ಅಕ್ಕಿ ಬೇಯಿಸಿ ಪಾಯಸ ಮಾಡುತ್ತೇವೆ. ಹದಿನೆಂಟು ಬಗೆಯ ಮದ್ದು ಅಂದು ಆ ಸೊಪ್ಪಿನಲ್ಲಿ ಸೇರಿರುತ್ತದೆ ಎಂಬುದು ನಂಬಿಕೆ. ಪಾಯಸ ತಿಂದವರ ಮೂತ್ರ ಮರುದಿನ ಕೆಂಪಾಗುತ್ತದೆ. ಆಗದಿದ್ದರೆ ಮದ್ದು ಹತ್ತಲಿಲ್ಲ ಎಂದು ತಮಾಷೆ ಮಾಡುವುದೂ ಉಂಟು. 2022ರ ಆಗಸ್ಟ್ 3ರಂದು ನಾನು ಎರಡು ಬಟ್ಟಲು ತಿಂದೆ. ಮರುದಿನ ಕೆಂಪು ಕಂಡಿತು, ಅದು ಸೊಪ್ಪಿನದು. ಅದರ ಮರುದಿನವೂ ಬಣ್ಣ ಇತ್ತು. ಮುಟ್ಟಿಗೆ ಮೂರು ದಿನವಿದ್ದುದರಿಂದ ಸ್ರಾವ ಮುಂಚೆ ಆರಂಭವಾಯಿತೇನೋ ಎಂದುಕೊಂಡೆ. ಪಾದಗಳು ಊದಿಕೊಂಡು ಚಪ್ಪಲಿಯ ಪಟ್ಟಿ ಅಚ್ಚೊತ್ತಿತು. ಮುಟ್ಟಿನ ಮುಂಚೆ ಪ್ರತಿ ತಿಂಗಳೂ ಸ್ವಲ್ಪ ನೀರು ತುಂಬಿಕೊಳ್ಳುವುದು ಇದ್ದದ್ದೇ. ‘ಊತ’ ಎಂದು ಹೊಸ ಸಾಲು ಬರೆದು ಎರಡು ಅಂಕ ಹಾಕಿದೆ. ಕೆಂಪು ಸುತ್ತು ಬಂದ ಮೇಲೆ ಎಲ್ಲ ಇಳಿಯುತ್ತದೆಂದು ಪುಸ್ತಕದ ಹಿಂದಿನ ಅರವತ್ತು ಪುಟಗಳು ಸಾಕ್ಷಿ ನುಡಿಯುತ್ತಿದ್ದವು.

ಮುಟ್ಟಾಯಿತು, ಮುಗಿಯಿತು. ಊತ ಇಳಿಯಲಿಲ್ಲ. ಬಣ್ಣ ಹೋಗಿತ್ತು, ಆದರೆ ಮೂತ್ರದಲ್ಲಿ ಸೋಪು ಕಲಕಿದಂತೆ ನೊರೆ ಏಳುತ್ತಿತ್ತು, ಆ ನೊರೆ ಕೂಡಲೇ ಒಡೆಯುತ್ತಲೂ ಇರಲಿಲ್ಲ. ಮಳೆ ರಜೆಗಳ ನಡುವೆ ಮೂರು ತಿಂಗಳಿಗೊಮ್ಮೆ ಮಾಡಿಸಬೇಕಾದ ಪರೀಕ್ಷೆಯನ್ನು ಜುಲೈನಿಂದ ಮುಂದೂಡುತ್ತ ಬಂದಿದ್ದೆ. ರಜೆಯಿದ್ದ ದಿನ ಮುಟ್ಟು, ಮುಟ್ಟಿಲ್ಲದ ದಿನ ಶಾಲೆ. ಹದಿನೈದರ ಧ್ವಜಾರೋಹಣದ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸುವಾಗ ಕಣ್ಣು ಮಂಜಾಗಿ ತಲೆ ಸಿಡಿಯತೊಡಗಿತು. ಪಕ್ಕದ ಆರೋಗ್ಯ ಕೇಂದ್ರದ ನರ್ಸಮ್ಮ ರಕ್ತದೊತ್ತಡ ನೋಡಿ, ಪಟ್ಟಿಯನ್ನು ಬಿಚ್ಚಿ ಇನ್ನೊಂದು ಕೈಗೆ ಕಟ್ಟಿ ಮತ್ತೆ ನೋಡಿದರು. 160ಕ್ಕೆ 100.

ಮೈಸೂರಿಗೆ ಮರುದಿನವೇ ಹೋದೆವು. ಮೂತ್ರದಲ್ಲಿ ಎಷ್ಟು ಪ್ರೋಟೀನ್ ಸೋರುತ್ತಿದೆ ಎಂದು ತೋರಿಸುವ ಪ್ರೋಟೀನು-ಕ್ರಿಯಾಟಿನಿನ್ ಅನುಪಾತ 0.5ರ ಒಳಗಿದ್ದರೆ ಸಮಾಧಾನ ಎಂದು ಮೇಡಂ ಹೇಳುತ್ತಿದ್ದರು, ನನ್ನದು 3.1 ಬಂತು. ಸಿ3 ನೆಲ ಕಚ್ಚಿತ್ತು. ಬೆನ್ನ ಕಡೆಯಿಂದ ಸೂಜಿ ಹಾಕಿ ಮೂತ್ರಪಿಂಡದ ಚೂರು ತೆಗೆದು ನೋಡಿದಾಗ ನಾಲ್ಕನೆಯ ದರ್ಜೆಯ ಲೂಪಸ್ ನೆಫ್ರೈಟಿಸ್, ಅಂದರೆ ಲೂಪಸ್‌ನಿಂದಾದ ಮೂತ್ರಪಿಂಡದ ಉರಿಯೂತ, ಎಂದು ಗೊತ್ತಾಯಿತು. ಬಯಾಪ್ಸಿ ನಾನು ಹೆದರಿದಷ್ಟು ನೋಯಲಿಲ್ಲ. ಆಮೇಲೆ ಗಂಟೆಗಟ್ಟಲೆ ಅಲುಗಾಡದೆ ಅಂಗಾತ ಮಲಗಬೇಕಾದದ್ದೇ ಹೆಚ್ಚು ಬೇಸರ. ಮೂರು ದಿನ ಸ್ಟೀರಾಯ್ಡ್ ಅನ್ನು ರಕ್ತನಾಳಕ್ಕೆ ಹನಿಸಿ, ಆಮೇಲೆ ಮಾತ್ರೆಗೆ ಇಳಿಸಿ, ಜೊತೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೈಕೊಫೆನೊಲೇಟ್ ಆರಂಭಿಸಿದರು.

ಹಾಸಿಗೆಯ ಮೇಲೆ ಕುಳಿತು ಪುಸ್ತಕ ಚಾಚಿದೆ. ಎಂದಿನಂತೆ ಮೇಡಂ ತಾಳ್ಮೆಯಿಂದ ನೋಡಿ, ಆಗಸ್ಟ್ ಪುಟದ ‘ಊತ’ದ ಸಾಲಿನಲ್ಲಿ ಬೆರಳಿಟ್ಟು, ‘ಇವನು ಹೊಸಬ. ಹೊಸ ಹುಡುಗ ತರಗತಿಗೆ ಬಂದು ಕೂತರೆ ಯಾವ ಊರಿನವನು ಎಂದು ಕೇಳುವುದಿಲ್ಲವೆ ನೀವು?’ ಎಂದರು. ನಾನು ಕೇಳಿರಲಿಲ್ಲ. ಪ್ರತಿ ತಿಂಗಳೂ ಬರುವವರ ಸಾಲಿನಲ್ಲಿ ಅವನನ್ನೂ ಕೂರಿಸಿ ಅಂಕ ಹಾಕಿದ್ದೆ. ಮುಟ್ಟಿನ ನೋವನ್ನು ಯಾರೂ ನಂಬುವುದಿಲ್ಲವೆಂದು ನಂಬಿಸಲು ಆರಂಭಿಸಿದ ಲೆಕ್ಕದಲ್ಲಿ, ಬಂದದ್ದೆಲ್ಲವನ್ನೂ ಮುಟ್ಟಿನ ಖಾತೆಗೆ ಬರೆಯುವ ಚಾಳಿ ನನಗೇ ಅಂಟಿಕೊಂಡಿತ್ತು. ‘ಎಲ್ಲಾ ಹೆಂಗಸರಿಗೂ ಆಗೋದೇ’ ಎಂದ ಆ ಕ್ಲಿನಿಕ್ಕಿನವರಿಗೂ ನನಗೂ ಆ ವಾರ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

ಅಲ್ಲಿಯವರೆಗೆ ಹೊಟ್ಟೆ ನುಲಿತಕ್ಕೆ ತಿಂಗಳಿಗೆ ಮೂರು ದಿನ ಮೆಫೆನಮಿಕ್ ಆಮ್ಲದ ಮಾತ್ರೆ ನುಂಗುತ್ತಿದ್ದೆ, ಹದಿನೈದನೆಯ ವಯಸ್ಸಿನಿಂದ ಅಮ್ಮ ಕೊಡುತ್ತಿದ್ದ ಮಾತ್ರೆ ಅದು. ಆ ಜಾತಿಯ ನೋವುಗುಳಿಗೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುವುದರಿಂದ ಅಂದೇ ಅವು ನಿಂತವು. ಈಗ ಪ್ಯಾರಾಸಿಟಮಾಲ್, ಬಿಸಿನೀರಿನ ಚೀಲ, ಮತ್ತು ಹಲ್ಲು ಕಚ್ಚುವುದು. ಸ್ಟೀರಾಯ್ಡ್‌ನಿಂದ ಮುಖ ತಟ್ಟೆಯಂತೆ ಉಬ್ಬಿ, ಮದುವೆ ಮನೆಗಳಲ್ಲಿ ‘ಈಗ ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದೀಯ’ ಎಂಬ ಮಾತು ಹತ್ತು ಜನರಿಂದ ಬಂತು. ಬೇಸರಿಸುವುದೋ ನಗುವುದೋ ತಿಳಿಯದೆ ಹೂಂಗುಟ್ಟಿದೆ. ರಾತ್ರಿ ನಿದ್ದೆ ಬಾರದೆ ಮೂರು ಗಂಟೆಗೆ ಎದ್ದು ಪಾತ್ರೆ ತೊಳೆದ ದಿನಗಳೂ ಇದ್ದವು.

ಮೈಕೊಫೆನೊಲೇಟ್ ತೆಗೆದುಕೊಳ್ಳುವಾಗ ಗರ್ಭ ನಿಲ್ಲಬಾರದು, ನಿಂತರೆ ಮಗುವಿಗೆ ಗಂಭೀರ ಊನಗಳಾಗಬಹುದು. ನಮಗೆ ಒಬ್ಬಳು ಮಗಳಿದ್ದಾಳೆ, ಇನ್ನೊಂದು ಬೇಡವೆಂದು ಅದಾಗಲೇ ನಿರ್ಧರಿಸಿದ್ದೆವು. ಈಸ್ಟ್ರೊಜನ್ ಗುಳಿಗೆ ನನಗೆ ನಿಷಿದ್ಧ; ಅಧಿಕ ಸ್ರಾವದಿಂದ ಹಿಮೊಗ್ಲೋಬಿನ್ ಒಂಬತ್ತರ ಕೆಳಗೆ ಇಳಿದಿತ್ತು. ಈ ಮೂರನ್ನೂ ಕೂಡಿಸಿ ನೋಡಿದ ಸ್ತ್ರೀರೋಗ ತಜ್ಞೆ, ಲೆವೊನಾರ್‌ಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿರಾನ್ ಬಗೆಯ ಹಾರ್ಮೋನನ್ನು ಸ್ವಲ್ಪಸ್ವಲ್ಪವೇ ಸೂಸುವ ಸಾಧನವನ್ನು ಗರ್ಭಕೋಶದೊಳಗೆ ಇರಿಸಿದರು. ಮೊದಲ ನಾಲ್ಕು ತಿಂಗಳು ಹೊತ್ತುಗೊತ್ತಿಲ್ಲದೆ ಹನಿಹನಿ ಸ್ರಾವ, ಆಮೇಲೆ ಹೆಚ್ಚುಕಡಿಮೆ ಏನೂ ಇಲ್ಲ. ಹಿಮೊಗ್ಲೋಬಿನ್ ಹನ್ನೊಂದರ ಮೇಲೆ ಬಂತು.

ಆಗ ಎದುರಾದದ್ದು ನಾನು ಎಣಿಸಿರದ ತೊಡಕು. ಈ ಸಾಧನ ಸ್ರಾವವನ್ನು ತಡೆದರೂ ಬಹಳ ಹೆಂಗಸರಲ್ಲಿ ಅಂಡಾಶಯ ತನ್ನ ತಿಂಗಳ ಕೆಲಸವನ್ನು ನಡೆಸುತ್ತಲೇ ಇರುತ್ತದೆ. ಬೆರಳುಗಳು ಮೊದಲಿನಂತೆ ನಾಲ್ಕು ವಾರಗಳಿಗೊಮ್ಮೆ ಬಿಗಿಯುತ್ತವೆ, ಅಂಗುಳಿನಲ್ಲಿ ಹುಣ್ಣು ಏಳುತ್ತದೆ, ಆದರೆ ಕೆಂಪು ಶಾಯಿಯ ಸುತ್ತು ಹಾಕಲು ದಿನವೇ ಇಲ್ಲ. ಮುಟ್ಟಿಲ್ಲದೆ ಮುಟ್ಟಿನ ಮುಂಚಿನ ದಿನಗಳನ್ನು ಹುಡುಕುವುದು ಹೇಗೆ? ಎದೆ ಬಿಗಿಯುವುದು, ಬೆಳಗಿನ ಥರ್ಮಾಮೀಟರು ಅರ್ಧ ಡಿಗ್ರಿ ಏರುವುದು, ಹಿಂದೆ ನಾನು ಒಳಜ್ವರವೆಂದು ತಪ್ಪಾಗಿ ಬರೆದಿದ್ದ ಅದೇ ಏರಿಕೆ, ಈಗ ನನಗೆ ಗುರುತು. ಮೂತ್ರ ಪರೀಕ್ಷೆಗಂತೂ ಇದರಿಂದ ದೊಡ್ಡ ಅನುಕೂಲವಾಯಿತು. ಯಾವ ದಿನ ಬೇಕಾದರೂ ಬೆಳಗಿನ ಮೊದಲ ಮೂತ್ರವನ್ನು ಬಾಟಲಿಯಲ್ಲಿ ಹಿಡಿದು ಕೊಡಬಹುದು. ತಪ್ಪಿಸಿಕೊಳ್ಳಲು ನೆಪ ಉಳಿದಿಲ್ಲ.

ಪುಸ್ತಕವನ್ನು ಈಗ ಬೇರೆ ರೀತಿ ಬರೆಯುತ್ತೇನೆ. ಎಡ ಪುಟದಲ್ಲಿ ಹಳಬರು: ಬೆರಳು, ಹುಣ್ಣು, ಸುಸ್ತು. ಬಲ ಪುಟದಲ್ಲಿ ಬೆಳಗಿನ ತೂಕ, ರಕ್ತದೊತ್ತಡ, ಪಾದದ ಊತ, ನೊರೆ, ಜ್ವರ. ಎಡ ಪುಟದವರು ಬಂದರೆ ನಾಲ್ಕೈದು ದಿನ ತಾಳಿಕೊಳ್ಳುತ್ತೇನೆ. ಬಲ ಪುಟದಲ್ಲಿ ಒಬ್ಬರು ಎರಡು ದಿನ ಕೂತರೆ, ತಿಂಗಳ ಯಾವ ವಾರವೆಂದು ನೋಡದೆ ಪರೀಕ್ಷೆಗೆ ಕೊಡುತ್ತೇನೆ; ಜ್ವರಕ್ಕೆ ಆ ಎರಡು ದಿನವೂ ಇಲ್ಲ, ಏಕೆಂದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮದ್ದು ತಿನ್ನುವವರಲ್ಲಿ ಸೋಂಕು ಬೇಗ ಬಲಿಯುತ್ತದೆ. ಮೂತ್ರಪಿಂಡ ಸೋತಿದ್ದವರಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್‌ನಿಂದ ಕಣ್ಣಿನ ಅಪಾಯ ಹೆಚ್ಚಾದ್ದರಿಂದ ರೆಟಿನಾ ಪರೀಕ್ಷೆ ಈಗ ವರ್ಷಕ್ಕೊಮ್ಮೆ. ಕೊನೆಯ ಎಣಿಕೆಯಲ್ಲಿ ಪ್ರೋಟೀನಿನ ಅನುಪಾತ 0.4.

ಕಳೆದ ಆಗಸ್ಟ್‌ನಲ್ಲಿ ಎರಡನೆಯ ತಾರೀಕಿನ ಸಂಜೆ ಅತ್ತೆ ಬೇಲಿಯ ಬದಿಯಿಂದ ಮದ್ದುಸೊಪ್ಪು ತರಲು ಕತ್ತಿ ಹಿಡಿದು ಹೊರಟವರು ಬಾಗಿಲಲ್ಲಿ ನಿಂತು, ‘ನಿಂದು ಬಾಟ್ಲಿ ಕೊಟ್ಟಾಯ್ತಾ?’ ಎಂದು ಕೇಳಿದರು. ‘ಗುರುವಾರನೇ ಕೊಟ್ಟೆ ಅತ್ತೆ, ಆದ್ರೂ ಮೇಡಂ ನನಗೆ ಆ ಸೊಪ್ಪು ಬೇಡ ಅಂದಿದಾರೆ’ ಎಂದೆ. ‘ಅದು ಗೊತ್ತು. ಕೇಳ್ದೆ ಅಷ್ಟೆ’ ಎಂದು ಅವರು ಮಳೆಗೆ ಇಳಿದರು. ಮರುದಿನ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೇರಳೆ ಪಾಯಸ ಕುದಿಯುತ್ತಿದ್ದರೆ, ಪಕ್ಕದ ಚಿಕ್ಕ ಪಾತ್ರೆಯಲ್ಲಿ ನನ್ನ ಪಾಲಿನದು ಬೆಳ್ಳಗೆ ಕುದಿಯುತ್ತಿತ್ತು.